ಕೆಡಿಸಿ ಕಲಿಯುವ ವಿದ್ಯೆ

2021ನೆಯ ಇಸವಿ ಅಕ್ಟೋಬರ್ 4ನೆಯ ತಾರೀಖಿನ ರಾತ್ರಿಯು ವಾಚಕರಲ್ಲಿ ಅನೇಕರಿಗೆ ನೆನಪಿನಲ್ಲಿರಬಹುದು. ಒಂಬತ್ತು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿರಲು ವಾಟ್ಸಾಪು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಮೂರೂ ಒಮ್ಮೆಗೇ ಮೂಕವಾದುವು. ಮೈಸೂರಿನಲ್ಲಿರುವ ನನ್ನ ತಾಯಿಯವರು ಮಲಗುವ ಮುನ್ನ ನನಗೆ ನಾಲ್ಕು ಮಾತು ಬರೆದು ಕಳುಹಿಸುವ ವಾಡಿಕೆಯುಳ್ಳವರು. ಅಂದು ಬರೆದ ಮಾತು ಹೋಗಲೊಲ್ಲದು. ತಮ್ಮ ಕೈಯಲ್ಲಿದ್ದ ಯಂತ್ರವೇ ಕೆಟ್ಟಿತೆಂದು ಭಾವಿಸಿ ಅವರು ಅದನ್ನು ಎರಡು ಸಲ ಆರಿಸಿ ಹೊತ್ತಿಸಿ ನೋಡಿ, ಕಡೆಗೆ ಹಣ ಖರ್ಚಾದರೂ ಆಗಲೆಂದು ಕ್ಯಾಲಿಫೋರ್ನಿಯಾದಲ್ಲಿದ್ದ ನನಗೆ ನೇರವಾಗಿ ಟೆಲಿಫೋನು ಮಾಡಿದರು. ನಮಗೆ ಆಗ ಬೆಳಗಿನ ಒಂಬತ್ತು ಗಂಟೆ. "ನಿನ್ನ ಕಸುಬಿನವರು ಯಾರೋ ಏನೋ ಮಾಡಿಬಿಟ್ಟಿದ್ದಾರೆ, ನೋಡು" ಎಂದರು.

ಅವರ ಊಹೆ ನಿಜವಾಗಿದ್ದಿತು. ಆ ಸಂಸ್ಥೆಯವರೇ ಅನಂತರ ಪ್ರಕಟಿಸಿದ ವಿವರಣೆಯಂತೆ, ತಮ್ಮ ಒಳಜಾಲದ ಸಾಮರ್ಥ್ಯವನ್ನು ಅಳೆಯುವುದಕ್ಕಾಗಿ ಕೊಟ್ಟ ಒಂದು ಆಜ್ಞೆಯು ಆ ಜಾಲದ ಸಂಪರ್ಕಗಳೆಲ್ಲವನ್ನೂ ಕಡಿದುಹಾಕಿತು. ಇಂತಹ ಅಪಾಯಕರವಾದ ಆಜ್ಞೆಗಳನ್ನು ತಡೆಯುವುದಕ್ಕೆಂದೇ ಇಟ್ಟಿದ್ದ ಪರೀಕ್ಷಕ ಪ್ರೋಗ್ರಾಮಿನಲ್ಲಿಯೂ ದೋಷವಿದ್ದಿತು. ಹೆಸರು ಹೇಳಿದವರಿಗೆ ವಿಳಾಸ ತಿಳಿಸುವ ಸರ್ವರುಗಳು, ತಮ್ಮ ಕೇಂದ್ರಗಳೊಡನೆ ಸಂಪರ್ಕ ತಪ್ಪಿದುದನ್ನು ಕಂಡು, ತಾವಾಗಿಯೇ ಲೋಕದ ದೃಷ್ಟಿಯಿಂದ ಮರೆಯಾದುವು. ದುರಸ್ತಿಯ ಉಪಕರಣಗಳೂ ಅದೇ ಜಾಲವನ್ನು ಆಶ್ರಯಿಸಿದ್ದುದರಿಂದ ಎಂಜಿನಿಯರುಗಳು ಸ್ವತಃ ಯಂತ್ರಗಳಿರುವ ಕಟ್ಟಡಗಳಿಗೆ ಹೋಗಬೇಕಾಯಿತು. ಎಲ್ಲವೂ ಮೊದಲಿನಂತಾಗಲು ಸುಮಾರು ಆರು ಗಂಟೆಗಳು ಹಿಡಿದುವು. ನನ್ನ ತಾಯಿಯವರ ಮಾತು ಅವರಿಗೆ ಬೆಳಗಾಗುವುದರೊಳಗೆ ನನಗೆ ಬಂದು ಸೇರಿತು. ಅದರಲ್ಲಿ ಇದ್ದುದು ಹುಳಿಗೆ ಹಾಕಿದ ಬದನೆಕಾಯಿಯ ವಿಷಯವಷ್ಟೆ.

ಸರ್ವರುಗಳನ್ನೂ ನೆಟ್‌ವರ್ಕುಗಳನ್ನೂ ಕಾಯುವ ಈ ಕಸುಬನ್ನು ನಾನು ಕಲಿತುದು ಯಾವ ದೊಡ್ಡ ವಿಶ್ವವಿದ್ಯಾನಿಲಯದಲ್ಲಿಯೂ ಅಲ್ಲ. ಅಮೆರಿಕ ದೇಶದಲ್ಲಿ ಕಮ್ಯೂನಿಟಿ ಕಾಲೇಜು ಎಂದು ಕರೆಯಲ್ಪಡುವ ಊರ ಕಾಲೇಜಿನ ಸಂಜೆಯ ತರಗತಿಯಲ್ಲಿ, ಇಬ್ಬರು ಮಕ್ಕಳ ತಾಯಿಯಾದ ಮೇಲೆ, ಮೂವತ್ತೆರಡನೆಯ ವಯಸ್ಸಿನಲ್ಲಿ ಕಲಿತೆನು. ಆ ಕಲಿಕೆಯ ರೀತಿಯನ್ನು ವಾಚಕರಿಗೆ, ವಿಶೇಷವಾಗಿ ಹೊರದೇಶದಲ್ಲಿ ಹೆಣ್ಣುಮಕ್ಕಳನ್ನುಳ್ಳ ತಾಯಿತಂದೆಗಳಿಗೆ, ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶವು.

ಈ ಕಾಲೇಜುಗಳ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರರೂ ಆ ಊರಿನ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನರೂ ಕೂಡಿ ಆರು ಮಂದಿ ವಿದ್ಯಾರ್ಥಿಗಳೊಡನೆ ಆರಂಭಿಸಿದ ಕಾಲೇಜು ಇವುಗಳಲ್ಲಿ ಹಿರಿಯದು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಸಮಿತಿಯು 1947ರ ವರದಿಯಲ್ಲಿ ಇಂತಹ ಕಾಲೇಜುಗಳನ್ನು ದೇಶದ ತುಂಬ ಹರಡಬೇಕೆಂದು ಹೇಳಿದುದರಿಂದ ಕಮ್ಯೂನಿಟಿ ಕಾಲೇಜು ಎಂಬ ಹೆಸರು ನೆಲೆಗೊಂಡಿತು. ಈಗ ಆ ದೇಶದಲ್ಲಿ ಇವು ಸುಮಾರು ಒಂದು ಸಾವಿರವಿರುವುವು; ಕ್ಯಾಲಿಫೋರ್ನಿಯಾ ಒಂದರಲ್ಲಿಯೇ 116. ಹದಿನೆಂಟು ವರ್ಷ ತುಂಬಿ ಪಾಠದಿಂದ ಪ್ರಯೋಜನ ಪಡೆಯಬಲ್ಲ ಯಾರೇ ಆಗಲಿ ಅಲ್ಲಿ ಸೇರಬಹುದು. ಪ್ರವೇಶ ಪರೀಕ್ಷೆಯಿಲ್ಲ, ಶಿಫಾರಸಿಲ್ಲ, ವಯಸ್ಸಿನ ಮಿತಿಯಿಲ್ಲ. ಹದಿನೈದನೆಯ ವಯಸ್ಸಿನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯು ಬಾಳಿನ ಅರ್ಧವನ್ನು ನಿಶ್ಚಯಿಸಿಬಿಡುವ ನಾಡಿನಿಂದ ಹೋದ ನನಗೆ, ಬಾಗಿಲಲ್ಲಿ ಯಾರೂ ಏನೂ ಕೇಳದಿದ್ದುದು ಮೊದಲು ಅನುಮಾನವನ್ನೇ ಉಂಟುಮಾಡಿತೆಂದು ಹೇಳಬೇಕು.

ನಾನು ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ, 2005ರಲ್ಲಿ ವಿವಾಹವಾಗಿ, ಪತಿಯವರ ಜತೆಯಲ್ಲಿ ಸಾಂತಾ ಕ್ಲಾರಾ ಕಣಿವೆಗೆ ಹೋದೆನು. ಅವರಿಗೆ ಎಚ್-1ಬಿ ಎಂಬ ಉದ್ಯೋಗದ ವೀಸಾ. ನನಗೆ ಎಚ್-4 ಎಂಬ ಅವಲಂಬಿತರ ವೀಸಾ. ಈ ಎರಡನೆಯದನ್ನು ಹೊಂದಿದವರು ಆಗ ಓದಬಹುದಾಗಿದ್ದಿತು, ಆದರೆ ದುಡಿಯಲಾಗುತ್ತಿರಲಿಲ್ಲ. ಏಳು ವರ್ಷಗಳ ಕಾಲ ನಾನು ಅಡಿಗೆ ಮಾಡಿದೆನು, ಮಕ್ಕಳನ್ನು ಹೆತ್ತು ಸಾಕಿದೆನು, ಯುಗಾದಿಗೆ ಕನ್ನಡ ಕೂಟದಲ್ಲಿ ಕೋಲಾಟ ಕಲಿಸಿದೆನು. ಯಾರೂ ನನ್ನನ್ನು ನೋಯಿಸಲಿಲ್ಲ. ಆದರೂ ಒಂದು ಜತೆ ಪಾದರಕ್ಷೆ ಕೊಳ್ಳಬೇಕಾದಾಗ ಹಣ ಕೇಳುವ ಮುನ್ನ ಗಂಡನ ಮುಖ ನೋಡುವ ಅಭ್ಯಾಸವು ನನಗೆ ಹೇಗೋ ಅಂಟಿಕೊಂಡಿದ್ದಿತು. ಅವರು ಅದನ್ನು ಬಯಸಿದವರಲ್ಲ. ಪ್ರಾಯಶಃ ಗಮನಿಸಿದವರೂ ಅಲ್ಲ.

2012ರ ಆಗಸ್ಟಿನಲ್ಲಿ ಚಿಕ್ಕ ಮಗಳು ಶಾಲೆಗೆ ಹೋಗಲಾರಂಭಿಸಿದಳು. ಆ ವಾರವೇ ನಾನು ಊರ ಕಾಲೇಜಿನಲ್ಲಿ ಹೆಸರು ಬರೆಯಿಸಿದೆನು. ಆ ಸಂಸ್ಥಾನದಲ್ಲಿ ಒಂದು ವರ್ಷಕ್ಕೆ ಮೇಲ್ಪಟ್ಟು ನೆಲೆಸಿದವರಿಗೆ ಯೂನಿಟ್ಟಿಗೆ 46 ಡಾಲರುಗಳ ಶುಲ್ಕವೆಂದು ಅದೇ ಬೇಸಗೆಯಲ್ಲಿ ಗೊತ್ತುಮಾಡಿದ್ದರು. ನಾಲ್ಕು ಯೂನಿಟ್ಟಿನ ಒಂದು ಪಾಠಕ್ಕೆ 184 ಡಾಲರುಗಳು. ವಿಶ್ವವಿದ್ಯಾನಿಲಯಗಳ ಶುಲ್ಕವನ್ನು ಬಲ್ಲವರಿಗೆ ಇದೆಷ್ಟು ಅಲ್ಪವೆಂಬುದು ತಿಳಿದೀತು. ಯಾವ ಪಾಠ ತೆಗೆದುಕೊಳ್ಳಲೆಂದು ಅಲ್ಲಿದ್ದ ಸಲಹೆಗಾರರೊಬ್ಬರನ್ನು ಕೇಳಲು, ಗೃಹಿಣಿಯಾದವಳಿಗೆ ಬಣ್ಣಬಣ್ಣದ ವೆಬ್ ಪುಟಗಳನ್ನು ರಚಿಸುವ ವಿದ್ಯೆಯೇ ಸುಲಭವೆಂದರು. ಆ ಸುಲಭವೆಂಬ ಮಾತು ನನಗೆ ಹಿಡಿಸಲಿಲ್ಲ. ಪಟ್ಟಿಯಲ್ಲಿ ಅದರ ಕೆಳಗಿದ್ದ 'ಸರ್ವರ್ ಆಪರೇಟಿಂಗ್ ಸಿಸ್ಟಂ ಮತ್ತು ನೆಟ್‌ವರ್ಕ್ ನಿರ್ವಹಣೆ' ಎಂಬುದರ ಮೇಲೆ ಬೆರಳಿಟ್ಟೆನು. ಅದೇನೆಂಬುದು ನನಗೆ ಆಗ ತಿಳಿದೇ ಇರಲಿಲ್ಲ.

ಅದೇನೆಂಬುದನ್ನು ಈಗ ಹೇಳುವೆನು. ನಮ್ಮ ಮೇಜಿನ ಮೇಲಿರುವ ಕಂಪ್ಯೂಟರು ಒಬ್ಬರ ಊಳಿಗವನ್ನು ಮಾಡುವುದು. ಸರ್ವರೆಂಬುದು ಹಲವರ ಊಳಿಗ ಮಾಡುವ ಕಂಪ್ಯೂಟರು: ಪತ್ರಗಳನ್ನು ಹಂಚುವುದು, ಕಡತಗಳನ್ನು ಕಾಪಾಡುವುದು, ಬಂದವರ ಗುರುತು ಹಿಡಿದು ಒಳಗೆ ಬಿಡುವುದು, ಇವೆಲ್ಲವೂ ಅದರ ಕೆಲಸ. ಅದು ರಾತ್ರಿಹಗಲು ಎಚ್ಚರವಾಗಿರಬೇಕಾದುದರಿಂದ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮೂ ಬೇರೆಯ ಬಗೆಯದು. ನಾವು ಎರಡು ವಂಶಗಳನ್ನು ಅಭ್ಯಾಸ ಮಾಡಿದೆವು. ಒಂದು, 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು ಆರಂಭಿಸಿದ ಯೂನಿಕ್ಸಿನ ಸಂಪ್ರದಾಯದ್ದು. ಅದರ ಮಾದರಿಯನ್ನು ಅನುಸರಿಸಿ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಇಂದು ಲೋಕದ ಸರ್ವರುಗಳಲ್ಲಿ ಬಹುಭಾಗವನ್ನು ಆಳುತ್ತಿರುವುದು. ಮತ್ತೊಂದು, 1993ರಲ್ಲಿ ಹೊರಬಂದ ವಿಂಡೋಸ್ ಎನ್.ಟಿ.ಯ ಸಂತತಿ. ಮೊದಲನೆಯದರಲ್ಲಿ ಎಲ್ಲವನ್ನೂ ಅಕ್ಷರಗಳಲ್ಲಿ ಬರೆದು ಆಜ್ಞಾಪಿಸಬೇಕು. ಎರಡನೆಯದರಲ್ಲಿ ಬಹಳಷ್ಟನ್ನು ಚಿತ್ರಗಳನ್ನು ಒತ್ತಿ ಮಾಡಬಹುದು. ಅಕ್ಷರವೇ ನನಗೆ ಹೆಚ್ಚು ರುಚಿಸಿತು. ಬರೆದ ಆಜ್ಞೆಯನ್ನು ನೋಟುಪುಸ್ತಕದಲ್ಲಿ ಇಟ್ಟುಕೊಳ್ಳಬಹುದು, ಒತ್ತಿದ ಚಿತ್ರವನ್ನು ಇಟ್ಟುಕೊಳ್ಳಲಾಗದು.

ತರಗತಿಯು ಸಂಜೆ ಆರರಿಂದ ಹತ್ತರವರೆಗೆ. ಅಲ್ಲಿ ನನ್ನ ಎಡಗಡೆಯಲ್ಲಿ ಕುಳಿತವರು ಐವತ್ತು ದಾಟಿದ ಗೃಹಸ್ಥರು. 2010ರಲ್ಲಿ ಫ್ರೀಮಾಂಟಿನ ಮೋಟಾರು ಕಾರ್ಖಾನೆಯು ಮುಚ್ಚಿದಾಗ ಸಾವಿರಾರು ಜನರೊಡನೆ ಕೆಲಸ ಕಳೆದುಕೊಂಡವರು. ಬಲಗಡೆಯಲ್ಲಿ ಇರಾಕಿನಿಂದ ಹಿಂದಿರುಗಿ ಸರಕಾರದ ವೆಚ್ಚದಲ್ಲಿ ಓದುತ್ತಿದ್ದ ಒಬ್ಬ ಸೈನಿಕನು. ಮುಂದೆ ಹತ್ತೊಂಬತ್ತರ ಹುಡುಗರು. ಅವರ ಬೆರಳುಗಳು ಕೀಲಿಗಳ ಮೇಲೆ ಓಡುವ ವೇಗವನ್ನು ಕಂಡು ಮೊದಲ ವಾರವೇ ನಾನು ಬಿಟ್ಟುಬಿಡಬೇಕೆಂದಿದ್ದೆನು. ಕಾರ್ಖಾನೆಯವರು ಆಗ ಮೆಲ್ಲನೆ ಹೇಳಿದರು: "ಅವರು ಬೇಗ ಹೊಡೆಯುತ್ತಾರೆ, ಬೇಗ ಕೆಡಿಸುತ್ತಾರೆ. ನಾವು ನಿಧಾನವಾಗಿ ಕೆಡಿಸೋಣ."

ಆ ಮಾತು ತಮಾಷೆಯದಾದರೂ ಪಾಠದ ಕ್ರಮವೇ ಹಾಗಿದ್ದಿತು. ನಮ್ಮ ಉಪಾಧ್ಯಾಯರು ಹಿಂದೆ ಬಹುಕಾಲ ಕಂಪೆನಿಗಳಲ್ಲಿ ದುಡಿದವರು. ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳಿರುವಂತೆ ನಟಿಸುವ ಒಂದು ತಂತ್ರವುಂಟು. ದೊಡ್ಡ ಯಂತ್ರಗಳಲ್ಲಿ ಅದು 1960ರ ದಶಕದಿಂದಲೇ ಇದ್ದರೂ, ಮೇಜಿನ ಮೇಲಿನ ಸಾಮಾನ್ಯ ಯಂತ್ರಗಳಿಗೆ ಅದನ್ನು ತಂದುದು 1998ರಲ್ಲಿ ಪಾಲೋ ಆಲ್ಟೋದಲ್ಲಿ ಆರಂಭವಾದ ವಿಎಂವೇರ್ ಎಂಬ ಕಂಪೆನಿಯು. ಅದರ ಸಹಾಯದಿಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೂರು ನಾಲ್ಕು ಸರ್ವರುಗಳು ಸಿಕ್ಕುವುವು. ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಫೋಟೋ ಹಿಡಿದಂತೆ ಹಿಡಿದಿಟ್ಟು, ಅನಂತರ ಏನು ಮಾಡಿ ಹಾಳುಮಾಡಿದರೂ ಮತ್ತೆ ಆ ಕ್ಷಣಕ್ಕೆ ಹಿಂದಿರುಗಬಹುದು. ನೌಕರಿಯಲ್ಲಿ ಒಂದು ಸರ್ವರನ್ನು ಕೆಡಿಸಿದರೆ ನೂರು ಜನರ ಕೆಲಸ ನಿಲ್ಲುವುದು. ಇಲ್ಲಿ ಕೆಡಿಸಿದರೆ ನಾಲ್ಕು ನಿಮಿಷದ ಮಾತು. "ಕೆಡಿಸುವುದಕ್ಕಾಗಿಯೇ ನೀವು 46 ಡಾಲರು ಕೊಟ್ಟಿದ್ದೀರಿ, ಕೆಡಿಸದೆ ಮನೆಗೆ ಹೋದರೆ ನಿಮಗೇ ನಷ್ಟ" ಎಂದು ಅವರು ಹೇಳುವರು. ಪುಸ್ತಕದಲ್ಲಿ ಹೀಗೆ ಮಾಡಿರೆಂದು ಬರೆದಿದ್ದರೆ, ಹಾಗೆ ಮಾಡದಿದ್ದರೆ ಏನಾಗುವುದೆಂದು ಮಾಡಿಸಿ ತೋರಿಸುವರು.

ಆದರೆ ನಾನು ಮೊದಲ ಸಲ ದೊಡ್ಡದಾಗಿ ಕೆಡಿಸಿದುದು ಮಾಯಾಯಂತ್ರವನ್ನಲ್ಲ. ಅದನ್ನು ವಿವರಿಸುವುದಕ್ಕೆ ಮುಂಚೆ ವಿಳಾಸಗಳ ವಿಷಯ ಸ್ವಲ್ಪ ಹೇಳಬೇಕು. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾರೂಪದ ವಿಳಾಸವಿರಬೇಕು. 1983ರ ಜನವರಿ 1ರಿಂದ ಆಗಿನ ಅಮೆರಿಕದ ಜಾಲವು ಬಳಕೆಗೆ ತಂದ ಪದ್ಧತಿಯಲ್ಲಿ ಇಂತಹ ವಿಳಾಸಗಳು 429 ಕೋಟಿಗಿಂತ ಸ್ವಲ್ಪ ಹೆಚ್ಚಾಗಬಹುದು. ಆ ದಿನಗಳಲ್ಲಿ ಅದು ಅಕ್ಷಯಪಾತ್ರೆಯಂತೆ ಕಂಡಿರಬೇಕು. 2011ರ ಫೆಬ್ರವರಿಯಲ್ಲಿ ಕೇಂದ್ರ ಉಗ್ರಾಣದ ಕಡೆಯ ಕಂತುಗಳನ್ನೂ ಹಂಚಿ ಮುಗಿಸಿದರು. ಆದುದರಿಂದ ಈಗ ಒಂದು ಮನೆಗೋ ಕಚೇರಿಗೋ ಹೊರಗಿನದೊಂದೇ ವಿಳಾಸ. ಒಳಗಿರುವ ಯಂತ್ರಗಳಿಗೆ 192.168 ಎಂದೋ 10 ಎಂದೋ ಮೊದಲಾಗುವ ಒಳವಿಳಾಸಗಳು. ಅವಿಭಕ್ತ ಕುಟುಂಬಕ್ಕೆ ಬಂದ ಟಪಾಲೆಲ್ಲವೂ ಯಜಮಾನರ ಹೆಸರಿಗೆ ಬಂದು ಜಗಲಿಯಲ್ಲಿ ವಿಂಗಡವಾಗುವಂತೆ ಇದು. ಒಳವಿಳಾಸಗಳನ್ನು ಹಂಚುವುದಕ್ಕೆ ಡಿ.ಎಚ್.ಸಿ.ಪಿ. ಎಂಬ ಸೇವೆಯೊಂದಿರುವುದು. ಹೊಸದಾಗಿ ಬಂದ ಯಂತ್ರವು "ಇಲ್ಲಿ ನನಗೆ ಜಾಗ ಕೊಡುವವರು ಯಾರಾದರೂ ಇದ್ದೀರಾ?" ಎಂದು ಕೂಗುವುದು, ಯಾರು ಮೊದಲು ಓಗೊಟ್ಟರೆ ಸಾಮಾನ್ಯವಾಗಿ ಅವರ ಮಾತನ್ನೇ ನಂಬುವುದು. ಈ ನಂಬಿಕೆಯಲ್ಲಿಯೇ ಅಪಾಯವಿರುವುದು.

ಒಂದು ಸಂಜೆ ನಾನು ಲಿನಕ್ಸ್ ಯಂತ್ರದಲ್ಲಿ ಈ ಸೇವೆಯನ್ನು ಸ್ಥಾಪಿಸಿ, ಬಲು ಸಂತೋಷದಿಂದ ಕೇಬಲ್ಲನ್ನು ಗೋಡೆಯ ರಂಧ್ರಕ್ಕೆ ಸಿಕ್ಕಿಸಿದೆನು. ಸಿಕ್ಕಿಸಬೇಕಾದುದು ನಮ್ಮ ಮೇಜಿನ ಮೇಲಿನ ಪೆಟ್ಟಿಗೆಗೆ. ಗೋಡೆಯದು ಕಟ್ಟಡದ ಸಾರ್ವಜನಿಕ ಜಾಲ. ಹತ್ತು ನಿಮಿಷ ಕಳೆಯುವುದರೊಳಗೆ ಪಕ್ಕದ ಕೊಠಡಿಯಲ್ಲಿ ಲೆಕ್ಕಪತ್ರದ ಪಾಠ ಕೇಳುತ್ತಿದ್ದವರಿಗೆ ಇಂಟರ್ನೆಟ್ಟು ನಿಂತಿತೆಂದು ಗಲಾಟೆಯಾಯಿತು. ಅವರ ಯಂತ್ರಗಳು ಕೂಗಿದಾಗ ನನ್ನ ಯಂತ್ರವು ಓಗೊಟ್ಟು ಎಲ್ಲಿಗೂ ಹೋಗದ ವಿಳಾಸಗಳನ್ನು ಧಾರಾಳವಾಗಿ ದಾನಮಾಡಿದ್ದಿತು. ನನ್ನ ಕೈಕಾಲು ತಣ್ಣಗಾದುವು. ವೀಸಾದ ಮೇಲೆ ಬದುಕುವವರಿಗೆ ಪ್ರತಿಯೊಂದು ತಪ್ಪೂ ದೇಶ ಬಿಡಿಸುವ ತಪ್ಪಿನಂತೆ ತೋರುವುದು. ಇದು ಅನುಭವಿಸಿದವರಿಗೇ ಗೊತ್ತು. ಉಪಾಧ್ಯಾಯರು ಬಂದು ಕೇಬಲ್ಲನ್ನು ಕೀಳಲಿಲ್ಲ, ಬಯ್ಯಲೂ ಇಲ್ಲ. ತರಗತಿಯವರನ್ನೆಲ್ಲ ಕರೆದು, "ಈ ಕಟ್ಟಡದಲ್ಲಿ ಎಲ್ಲಿಯೋ ಒಂದು ಸುಳ್ಳು ಸರ್ವರಿದೆ, ಹುಡುಕಿರಿ" ಎಂದರು. ಕೆಟ್ಟ ಯಂತ್ರವೊಂದಕ್ಕೆ ವಿಳಾಸ ಕೊಟ್ಟವರಾರೆಂದು ನೋಡುವುದು, ಹಾಗೆ ಕೊಟ್ಟ ಯಂತ್ರದ ಹುಟ್ಟುಸಂಖ್ಯೆಯನ್ನು ತಿಳಿಯುವುದು, ಆ ಸಂಖ್ಯೆಯು ಸ್ವಿಚ್ಚಿನ ಎಷ್ಟನೆಯ ರಂಧ್ರದಲ್ಲಿ ಕಾಣುವುದೆಂದು ಪಟ್ಟಿಯಲ್ಲಿ ಹುಡುಕುವುದು: ಹೀಗೆ ಹೆಜ್ಜೆಹೆಜ್ಜೆಯಾಗಿ ಸೈನಿಕನೂ ಹುಡುಗರೂ ನನ್ನ ಮೇಜಿನವರೆಗೆ ಬಂದರು. ಬರುವಷ್ಟರಲ್ಲಿ ಎಲ್ಲರೂ ನಗುತ್ತಿದ್ದರು. ಕಡೆಗೆ ನಾನೂ ನಕ್ಕೆನು. ಅನಂತರ ಅವರು ನನ್ನಿಂದ ನಡೆದುದೆಲ್ಲವನ್ನೂ ಗಂಟೆ ನಿಮಿಷ ಸಹಿತವಾಗಿ ಒಂದು ಹಾಳೆಯಲ್ಲಿ ಬರೆಯಿಸಿದರು, ಪಕ್ಕದ ಕೊಠಡಿಯವರ ಕ್ಷಮೆಯನ್ನೂ ಕೇಳಿಸಿದರು. ಆ ಹಾಳೆ ಈಗಲೂ ನನ್ನಲ್ಲಿರುವುದು.

ಇನ್ನೊಂದು ದಿನ ಅವರೇ ಬೇಕೆಂದು ಕೆಡಿಸಿ ತೋರಿಸಿದರು. ಒಂದೇ ಕೇಬಲ್ಲಿನ ಎರಡು ತುದಿಗಳನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಒಂದು ಕೂಗು ಹೊರಟು ಸುತ್ತಿ ತನ್ನನ್ನೇ ಮತ್ತೆ ಕೂಗಿಸಿ, ಕ್ಷಣಮಾತ್ರದಲ್ಲಿ ಜಾಲವೆಲ್ಲವೂ ಆ ಪ್ರತಿಧ್ವನಿಯಿಂದ ತುಂಬಿಹೋಗುವುದು. ದೀಪಗಳೆಲ್ಲವೂ ಹುಚ್ಚು ಹಿಡಿದಂತೆ ಮಿಣುಕಿದುವು. ಆಮೇಲೆ ಅವರು ಹಿಂದೆ ನಿಲ್ಲಿಸಿದ್ದ ಒಂದು ರಕ್ಷಣೆಯನ್ನು ಮತ್ತೆ ಆರಂಭಿಸಲು, ಸ್ವಿಚ್ಚು ತಾನಾಗಿಯೇ ಒಂದು ದಾರಿಯನ್ನು ಮುಚ್ಚಿ ಶಾಂತವಾಯಿತು. ಆ ರಕ್ಷಣೆಯನ್ನು 1985ರಲ್ಲಿ ಕಲ್ಪಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಅದರ ಹಿಂದಿನ ಕಾಲದಲ್ಲಿ ಜಾಲದ ಯಂತ್ರಗಳ ಹೆಸರುಗಳೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕಾಪಾಡುತ್ತಿದ್ದವರೂ ಎಲಿಜಬೆತ್ ಫೈನ್‌ಲರ್ ಎಂಬ ಮಹಿಳೆಯ ಕಚೇರಿಯವರೇ. ಆ ಕಚೇರಿಯಿದ್ದುದು ನಾವಿದ್ದಲ್ಲಿಗೆ ಬಹುದೂರವಲ್ಲದ ಮೆನ್ಲೋ ಪಾರ್ಕಿನಲ್ಲಿ. ಪಟ್ಟಿಯು ಬೆಳೆದು ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಹೆಸರುಗಳ ಭಾರವನ್ನು ಅನೇಕ ಸರ್ವರುಗಳಿಗೆ ಹಂಚುವ ಡಿ.ಎನ್.ಎಸ್. ಪದ್ಧತಿಯನ್ನು ರೂಪಿಸಿದರು. ಈ ವಿದ್ಯೆ ಗಂಡಸರದೆಂದು ನನಗೆ ಹೇಳಿದ್ದ ಸಲಹೆಗಾರರನ್ನು ನಾನು ಆ ದಿನ ನೆನೆದುಕೊಂಡೆನು.

ಅಧಿಕಾರಗಳ ಪಾಠವು ಮನೆವಾರ್ತೆ ಬಲ್ಲವರಿಗೆ ಕಷ್ಟವಲ್ಲ. ಪಡಸಾಲೆಗೆ ಯಾರೂ ಬರಬಹುದು, ಅಡಿಗೆಮನೆಗೆ ಮನೆಯವರು, ಕಬ್ಬಿಣದ ಪೆಟ್ಟಿಗೆಗೆ ಬೀಗದ ಕೈಯುಳ್ಳವರು. ಯೂನಿಕ್ಸಿನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಎಣಿಸಿ, ಒಡೆಯನಿಗೆ, ಗುಂಪಿಗೆ, ಇತರರಿಗೆ ಎಂದು ಮೂರು ಅಂಕಿಗಳನ್ನು ಬರೆಯುವರು. 640 ಎಂದರೆ ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಹೊರಗಿನವರಿಗೆ ಏನೂ ಇಲ್ಲ. ಏನಾದರೂ ನಡೆಯದಿದ್ದಾಗ ಆತುರಗಾರರು 777 ಎಂದು ಬರೆದು ಎಲ್ಲ ಬಾಗಿಲುಗಳನ್ನೂ ತೆರೆದುಬಿಡುವರು. ಕೆಲಸವೇನೋ ಆಗುವುದು, ಕಳ್ಳನಿಗೂ ಆಗುವುದು. ಸರ್ವಾಧಿಕಾರಿಗೆ 'ರೂಟ್' ಎಂದು ಹೆಸರು. ಆ ಹೆಸರಿನಲ್ಲಿ ದಿನವಿಡೀ ಕುಳಿತು ಕೆಲಸ ಮಾಡಬಾರದೆಂದು ಗುರುಗಳ ಕಟ್ಟಪ್ಪಣೆಯಿದ್ದಿತು.

ಸರ್ವಾಧಿಕಾರದಿಂದ ಆಗುವ ಅನಾಹುತಕ್ಕೆ ಅವರು ಹೇಳುತ್ತಿದ್ದ ಕಥೆ ಅದೇ ಪ್ರಾಂತದ್ದು, ನಿಜವಾಗಿ ನಡೆದದ್ದು. 1998ರಲ್ಲಿ ಪಿಕ್ಸಾರ್ ಎಂಬ ಚಿತ್ರಸಂಸ್ಥೆಯವರು 'ಟಾಯ್ ಸ್ಟೋರಿ 2' ಎಂಬ ಚಲನಚಿತ್ರವನ್ನು ಕಂಪ್ಯೂಟರುಗಳಲ್ಲಿ ರಚಿಸುತ್ತಿದ್ದರು. ಯಾರೋ ಅಳಿಸುವ ಆಜ್ಞೆಯನ್ನು ಅಸ್ಥಾನದಲ್ಲಿ ಕೊಟ್ಟುದರಿಂದ ಚಿತ್ರದ ಕಡತಗಳು ಕಣ್ಣೆದುರಿಗೇ ಒಂದೊಂದಾಗಿ ಮಾಯವಾಗತೊಡಗಿದುವು. ಯಂತ್ರದ ಪ್ಲಗ್ಗು ಕೀಳುವಷ್ಟರಲ್ಲಿ ಬಹುಭಾಗ ಹೋಗಿದ್ದಿತು. ಪ್ರತಿಗಳಿದ್ದುವಲ್ಲ ಎಂದು ನೋಡಿದರೆ, ಪ್ರತಿ ತೆಗೆಯುವ ವ್ಯವಸ್ಥೆಯೂ ಸರಿಯಾಗಿ ನಡೆದಿರಲಿಲ್ಲ. ಅದನ್ನು ಯಾರೂ ಪರೀಕ್ಷಿಸಿಯೂ ಇರಲಿಲ್ಲ. ಆಗ ಗ್ಯಾಲಿನ್ ಸಸ್‌ಮನ್ ಎಂಬ ತಾಂತ್ರಿಕ ನಿರ್ದೇಶಕಿಯು ಮನೆಯಲ್ಲಿ ತನ್ನಲ್ಲೊಂದು ಪ್ರತಿಯಿರಬಹುದೆಂದಳು. ಆಕೆ ಆಗತಾನೆ ಮಗುವನ್ನು ಹೆತ್ತಿದ್ದಳು. ಎಳೆಮಗುವನ್ನು ನೋಡಿಕೊಳ್ಳುತ್ತ ಮನೆಯಿಂದಲೇ ದುಡಿಯುವುದಕ್ಕಾಗಿ ಚಿತ್ರದ ಕಡತಗಳನ್ನು ಮನೆಯ ಕಂಪ್ಯೂಟರಿಗೆ ತರಿಸಿಕೊಂಡಿದ್ದಳು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನ ಹಿಂದಿನ ಆಸನದಲ್ಲಿ ಕೂಸನ್ನು ಕೂರಿಸಿದಂತೆ ಕಟ್ಟಿ, ಬಲು ಜೋಪಾನವಾಗಿ ಸ್ಟುಡಿಯೋಕ್ಕೆ ತಂದರು. ಚಿತ್ರವು 1999ರ ನವೆಂಬರಿನಲ್ಲಿ ತೆರೆಕಂಡಿತು. ಮನೆಯಲ್ಲಿ ಉಳಿದ ತಾಯಿಯೊಬ್ಬಳ ದೆಸೆಯಿಂದ ಅಷ್ಟು ಜನರ ದುಡಿಮೆ ಉಳಿಯಿತೆಂಬುದನ್ನು ಕೇಳಿ ನಾನು ಮನೆಗೆ ಹೋಗಿ ಪತಿಯವರಿಗೆ ಅದೇ ರಾತ್ರಿ ಎರಡು ಸಲ ಹೇಳಿದೆನು.

ಈ ಕಥೆಯನ್ನು ಕೇಳಿದ ಮೇಲೂ ನಾನು ಬುದ್ಧಿ ಕಲಿಯಲಿಲ್ಲವೆಂಬುದೇ ವಿಚಿತ್ರ. ಆರು ವಾರಗಳ ಕಾಲ ವಾರವಾರವೂ ಸರ್ವರಿನ ಪ್ರತಿ ತೆಗೆಯಬೇಕೆಂದು ನಮಗೆ ಅಪ್ಪಣೆಯಾಗಿದ್ದಿತು. ಏಳನೆಯ ವಾರ ಉಪಾಧ್ಯಾಯರು, "ಈಗ ಸರ್ವರಿನ ಡಿಸ್ಕನ್ನು ಪೂರ್ತಿ ಅಳಿಸಿರಿ, ನಿಮ್ಮ ಪ್ರತಿಯಿಂದ ಮತ್ತೆ ಕಟ್ಟಿರಿ" ಎಂದರು. ನಾನು ಧೈರ್ಯವಾಗಿ ಅಳಿಸಿದೆನು. ಅಳಿಸಿದ ಮೇಲೆ, ಆರು ಪ್ರತಿಗಳನ್ನೂ ಅದೇ ಡಿಸ್ಕಿನ ಮತ್ತೊಂದು ಮೂಲೆಯಲ್ಲಿ ಇರಿಸಿದ್ದೆನೆಂಬುದು ಹೊಳೆಯಿತು. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತಾಯಿತು. ತರಗತಿಯಲ್ಲಿ ಪೂರ್ತಿ ಮತ್ತೆ ಕಟ್ಟಬಲ್ಲವರಾದುದು ನಾಲ್ಕೈದು ಮಂದಿ ಮಾತ್ರ. ಕಾರ್ಖಾನೆಯ ಗೃಹಸ್ಥರು ಅವರಲ್ಲಿ ಒಬ್ಬರು. ಅವರು ಪ್ರತಿಯೊಂದು ವಾರದ ಪ್ರತಿಯನ್ನೂ ಬೇರೆ ಯಂತ್ರದಲ್ಲಿ ಹರವಿ, ತೆರೆದು ನೋಡಿ, ತಾರೀಖು ಬರೆದಿಟ್ಟಿದ್ದರು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅದನ್ನೇ ಮಾಡಿದೆನೆಂದರು.

ವರ್ಷಾಂತ್ಯದ ಪರೀಕ್ಷೆ ಕಾಗದದ ಮೇಲಲ್ಲ. ನಾವು ಕಟ್ಟಿದ ವಿಂಡೋಸ್ ಸರ್ವರುಗಳನ್ನು ಗುರುಗಳು ಗುಟ್ಟಾಗಿ ಕೆಡಿಸಿಡುವರು. ಎರಡು ಗಂಟೆಗಳೊಳಗೆ ಕಾರಣ ಕಂಡುಹಿಡಿದು ಸರಿಪಡಿಸಬೇಕು. ನನ್ನ ಯಂತ್ರದಲ್ಲಿ ಯಾವ ಬಳಕೆದಾರರಿಗೂ ಪ್ರವೇಶ ಸಿಕ್ಕದು, ಗುಪ್ತಪದ ಸರಿಯಾಗಿದ್ದರೂ ಸಿಕ್ಕದು. ಕೇಬಲ್ಲು ನೋಡಿದೆನು, ವಿಳಾಸ ನೋಡಿದೆನು, ಹೆಸರಿನ ಸರ್ವರು ನೋಡಿದೆನು, ಎಲ್ಲವೂ ಸರಿಯೇ. ಒಂದು ಗಂಟೆಯ ಮೇಲೆ ಕಾಲು ಗಂಟೆ ಕಳೆದಿದ್ದಿತು. ಇನ್ನೆಷ್ಟು ಹೊತ್ತು ಉಳಿದಿದೆಯೆಂದು ಪರದೆಯ ಮೂಲೆಯ ಗಡಿಯಾರ ನೋಡಿ, ಕೈಗಡಿಯಾರವನ್ನೂ ನೋಡಿದೆನು. ಎರಡಕ್ಕೂ ಏಳು ನಿಮಿಷದ ಅಂತರ. ಸರ್ವರು ಬಂದವರ ಗುರುತು ಪರೀಕ್ಷಿಸುವಾಗ, ಕದ್ದ ಚೀಟಿಯನ್ನು ಆಮೇಲೆ ಬಳಸದಿರಲೆಂದು, ಎರಡು ಕಡೆಯ ಗಡಿಯಾರಗಳಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಪ್ಪುವುದಿಲ್ಲ. ಮುಹೂರ್ತ ಮೀರಿದ ಮೇಲೆ ಬಂದ ವರನಂತೆ ಎಲ್ಲರೂ ಬಾಗಿಲಲ್ಲಿಯೇ ನಿಂತಿದ್ದರು. ಗಡಿಯಾರ ಸರಿಪಡಿಸಿ, ಗುರುಗಳು ನಿಲ್ಲಿಸಿದ್ದ ಕಾಲಸೇವೆಯನ್ನು ಮತ್ತೆ ಆರಂಭಿಸಲು ಬಾಗಿಲು ತೆರೆಯಿತು.

ಹೀಗೆ ಎರಡು ವರ್ಷಗಳಲ್ಲಿ ಸರ್ಟಿಫಿಕೇಟೇನೋ ಬಂದಿತು. ದುಡಿಯುವ ಹಕ್ಕು ಬರಲಿಲ್ಲ. 2014ರ ಬೇಸಗೆಯಿಂದ ಮುಂದಿನ ವರ್ಷದವರೆಗಿನ ಆ ಕಾಲವು ಓದದೆ ಇದ್ದ ಏಳು ವರ್ಷಗಳಿಗಿಂತ ನನಗೆ ಕಠಿನವಾಗಿದ್ದಿತೆಂದು ಒಪ್ಪಿಕೊಳ್ಳಬೇಕು. ಕೈಗೆ ಕೆಲಸ ಬಂದ ಮೇಲೆ ಕೈಕಟ್ಟಿ ಕೂರುವುದು ಬೇರೆ. ಮಕ್ಕಳ ಹಳೆಯ ಕಂಪ್ಯೂಟರುಗಳಲ್ಲಿ ಸರ್ವರು ಕಟ್ಟುತ್ತ ಕೆಡವುತ್ತ ಇದ್ದೆನು. 2015ರ ಮೇ 26ರಿಂದ ಅಮೆರಿಕದ ಸರಕಾರವು, ಪತಿ ಅಥವಾ ಪತ್ನಿಯ ಶಾಶ್ವತ ನಿವಾಸದ ಅರ್ಜಿಯು ಒಂದು ಹಂತ ದಾಟಿದ್ದರೆ, ಎಚ್-4 ಉಳ್ಳವರೂ ದುಡಿಯಲು ಅನುಮತಿ ಕೇಳಬಹುದೆಂದು ನಿಯಮ ಮಾಡಿತು. ನಮ್ಮ ಅರ್ಜಿಯು ಆ ಹಂತವನ್ನು ದಾಟಿದ್ದಿತು. ದಾಟದಿದ್ದ ನನ್ನ ಗೆಳತಿಯರು ಹಲವರು. ಅವರ ಮುಂದೆ ನಾನು ಆ ಸುದ್ದಿಯನ್ನು ಬಾಯಿಬಿಡಲಿಲ್ಲ. ಆ ನಿಯಮದ ಮೇಲೆ ಅನಂತರ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯವೂ ನಡೆಯಿತು.

2016ರ ಜನವರಿಯಲ್ಲಿ ನಲವತ್ತು ಯಂತ್ರಗಳೂ ಎರಡು ಸರ್ವರುಗಳೂ ಇದ್ದ ಒಂದು ಸಣ್ಣ ಧರ್ಮಸಂಸ್ಥೆಯ ಕಚೇರಿಯಲ್ಲಿ ನನ್ನನ್ನು ಸಂದರ್ಶನಕ್ಕೆ ಕರೆದರು. ಹತ್ತು ವರ್ಷ ಏನು ಮಾಡುತ್ತಿದ್ದೆಯೆಂದು ಕೇಳುವರೆಂದು ಉತ್ತರ ಸಿದ್ಧಪಡಿಸಿಕೊಂಡು ಹೋಗಿದ್ದೆನು. ಅಲ್ಲಿದ್ದ ಹಿರಿಯರು ಅದನ್ನು ಕೇಳಲೇ ಇಲ್ಲ. "ನೀವು ಎಂದಾದರೂ ಒಂದು ನೆಟ್‌ವರ್ಕನ್ನು ಪೂರ್ತಿ ನಿಲ್ಲಿಸಿದ್ದೀರಾ?" ಎಂದು ಕೇಳಿದರು. ನಾನು ಚೀಲದಿಂದ ಆ ಹಾಳೆಯನ್ನು ತೆಗೆದು, ಲೆಕ್ಕಪತ್ರದ ತರಗತಿಯ ಕಥೆಯನ್ನು ಗಂಟೆ ನಿಮಿಷ ಸಹಿತವಾಗಿ ಹೇಳಿದೆನು. ಅವರು ನಕ್ಕು, ನಿಲ್ಲಿಸಿಲ್ಲವೆಂದು ಹೇಳುವವರನ್ನು ತಾವು ತೆಗೆದುಕೊಳ್ಳುವುದಿಲ್ಲವೆಂದರು. ಅರ್ಧ ದಿನದ ಕೆಲಸ. ಸಂಬಳವು ಪತಿಯವರದರಲ್ಲಿ ಐದನೆಯ ಒಂದು ಪಾಲೂ ಇರಲಿಲ್ಲ. ಮೊದಲ ತಿಂಗಳು ಬಂದಾಗ ಯಾರ ಮುಖವನ್ನೂ ನೋಡದೆ ಒಂದು ಜತೆ ಪಾದರಕ್ಷೆ ಕೊಂಡೆನು. ಅವು ಸ್ವಲ್ಪ ಬಿಗಿಯಾಗಿದ್ದುವು, ಆದರೂ ಹಿಂದಿರುಗಿಸಲಿಲ್ಲ.

ಇದನ್ನು ಓದಿ ಯಾರೂ ಈ ಕಸುಬನ್ನು ಚಿನ್ನದ ಗಣಿಯೆಂದು ಎಣಿಸಬಾರದು. ಅಮೆರಿಕದ ಕಾರ್ಮಿಕ ಇಲಾಖೆಯ ಅಂದಾಜಿನಂತೆ ಇಂತಹ ನಿರ್ವಾಹಕರ ಹುದ್ದೆಗಳು ಮುಂದಿನ ವರ್ಷಗಳಲ್ಲಿ ಕೊಂಚ ಕಡಮೆಯಾಗುವುವು. 2006ರಿಂದೀಚೆಗೆ ಅಮೆಜಾನ್ ಮೊದಲಾದ ಕಂಪೆನಿಗಳು ಸರ್ವರುಗಳನ್ನು ಗಂಟೆಯ ಬಾಡಿಗೆಗೆ ಕೊಡಲಾರಂಭಿಸಿದುದರಿಂದ, ಸಣ್ಣ ಕಚೇರಿಗಳ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಯಂತ್ರಗಳು ಒಂದೊಂದಾಗಿ ದೂರದ ದೊಡ್ಡ ಕಟ್ಟಡಗಳಿಗೆ ವಲಸೆ ಹೋದುವು. ನಮ್ಮ ಎರಡು ಸರ್ವರುಗಳೂ ಹೋದುವು. ಕೈಯಿಂದ ಕೇಬಲ್ಲು ಸಿಕ್ಕಿಸುವುದಕ್ಕೆ ಬದಲಾಗಿ ಎಲ್ಲವನ್ನೂ ಅಕ್ಷರಗಳಲ್ಲಿ ಬರೆದು ಒಮ್ಮೆಗೇ ಕಟ್ಟಿಸುವ ವಿದ್ಯೆಯನ್ನು ನಾನು ಮತ್ತೆ ಅದೇ ಕಾಲೇಜಿಗೆ ಹೋಗಿ ಕಲಿಯಬೇಕಾಯಿತು. ವಿಳಾಸ, ಹೆಸರು, ಅಧಿಕಾರ, ಪ್ರತಿ ಎಂಬ ನಾಲ್ಕು ಮಾತ್ರ ಎಲ್ಲಿಗೆ ಹೋದರೂ ಹಿಂದೆಯೇ ಬಂದುವು. ಸರ್ಟಿಫಿಕೇಟು ತೋರಿಸಿದ ಮಾತ್ರಕ್ಕೆ ಕೆಲಸ ಸಿಕ್ಕುವುದೆಂದು ಹೇಳುವ ಜಾಹೀರಾತುಗಳನ್ನು ನಂಬುವುದು ಮೋಸಹೋಗುವುದೇ ಸರಿ.

ಆ ದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳು ಆಗಾಗ್ಗೆ ನನ್ನನ್ನು ವಿಚಾರಿಸುವರು. ಮೊದಲು ನೆಟ್‌ವರ್ಕಿನ ಮೂಲಪಾಠ, ಅನಂತರ ಲಿನಕ್ಸ್, ಆಮೇಲೆ ವಿಂಡೋಸ್ ಸರ್ವರು ಎಂಬ ಕ್ರಮದಲ್ಲಿ ತೆಗೆದುಕೊಳ್ಳಿರೆಂದೂ, ಮನೆಯಲ್ಲಿಯೇ ಕುಳಿತು ಕೇಳುವ ಪಾಠಗಳಿದ್ದರೂ ಒಂದನ್ನಾದರೂ ಪ್ರಯೋಗಶಾಲೆಯಲ್ಲಿ ಇತರರ ಜತೆಯಲ್ಲಿ ಮಾಡಿರೆಂದೂ ಹೇಳುವೆನು. ವೀಸಾದ ಪ್ರಶ್ನೆಗಳನ್ನು ಉಪಾಧ್ಯಾಯರನ್ನು ಕೇಳದೆ ಕಾಲೇಜಿನ ಪ್ರವೇಶ ಕಚೇರಿಯಲ್ಲಿಯೇ ಕೇಳಬೇಕು. ನಿವಾಸಿಗಳ ಶುಲ್ಕಕ್ಕೂ ಇತರರ ಶುಲ್ಕಕ್ಕೂ ಹಲವು ಪಾಲು ಅಂತರವಿರುವುದರಿಂದ ಮನೆಯ ಬಾಡಿಗೆಪತ್ರ, ತೆರಿಗೆಯ ಕಾಗದ ಮುಂತಾದುವನ್ನು ಜತೆಯಲ್ಲಿ ಒಯ್ಯಬೇಕು. ಹೆಚ್ಚಿನ ಕಾಲೇಜುಗಳಲ್ಲಿ ತರಗತಿಗಳು ಆಗಸ್ಟಿನ ಕಡೆಯ ಭಾಗದಲ್ಲಿ ಆರಂಭವಾಗುವುವು; ಸಂಜೆಯ ಪಾಠಗಳ ಸ್ಥಳಗಳು ಬೇಗ ತುಂಬಿಹೋಗುವುದರಿಂದ ಬೇಸಗೆಯಲ್ಲಿಯೇ ಹೆಸರು ಬರೆಯಿಸುವುದು ಲೇಸು. ಹೋಗುವಾಗ ಒಂದು ಗಟ್ಟಿ ರಟ್ಟಿನ ನೋಟುಪುಸ್ತಕವಿರಲಿ.